ಹಳ್ಳದ ಬಾಯಿಗೆ ಎರಡು ತಿಂಗಳು ಬಲೆ ಬೇಡ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ನಮಸ್ಕಾರ.

ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನ ಹಿನ್ನೀರ ದಂಡೆಯಿಂದ ಬರೆಯುತ್ತಿದ್ದೇನೆ. ನಾವು ಅಂಬಿಗರು. ನಮ್ಮಜ್ಜ ಹರಗೋಲಿನಲ್ಲಿ ಜನರನ್ನು, ಸಂತೆಯ ಗಂಟುಗಳನ್ನು ಹೊಳೆ ದಾಟಿಸುತ್ತಿದ್ದ. ಸೇತುವೆ ಬಂದು ಆ ಕೆಲಸ ಹೋಯಿತು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಂತ ಮೇಲೆ ಹೊಲವೂ ಹೋಯಿತು. ಅಂದಿನಿಂದ ನಮ್ಮ ಮನೆಯ ಒಲೆ ಉರಿಯುವುದು ಮೀನಿನಿಂದ.

ನೀರು ನಿಂತ ಹೊಸದರಲ್ಲಿ ಮೀನಿಗೆ ಬರವಿರಲಿಲ್ಲ. ಮುಳುಗಿದ ಹೊಲದ ಹುಲ್ಲು, ಗೊಬ್ಬರ, ಗಿಡಗಂಟಿ ಕೊಳೆತು ನೀರಿಗೆ ಸಾರ ಕೊಟ್ಟಿದ್ದವು. ಹೊಸ ಜಲಾಶಯಗಳಲ್ಲಿ ಎಲ್ಲ ಕಡೆ ಹೀಗೇ ಆಗುತ್ತದೆ. ಸಾರ ತೀರಿದ ಮೇಲೆ ಮೀನು ಇಳಿಯುತ್ತದೆ. ಇಳಿದಾಗ ನಾವೇನು ಮಾಡಿದೆವು? ಬಲೆಯ ಕಣ್ಣು ಸಣ್ಣದು ಮಾಡಿದೆವು. ದಂಡೆಯಿಂದ ದಂಡೆಗೆ ಎಳೆಯುವ ಅಲಿವಿ ಬಲೆ ಬಂತು. ಅದರಲ್ಲಿ ಬೆರಳುದ್ದದ ಮರಿಯೂ ಉಳಿಯದು. ಹಾಗೆ ಹಿಡಿದ ಮರಿಯನ್ನು ಒಣಗಿಸಿ ಚೀಲಗಟ್ಟಲೆ ತೂಗಿ ಮಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಜೂನ್‌ನಲ್ಲಿ ಘಟ್ಟದ ಮಳೆನೀರು ಇಳಿದು ಬಂದು ಹಿನ್ನೀರು ಕೆಂಪಾಗುತ್ತದೆ, ನಮ್ಮ ಹಳ್ಳಗಳೂ ಹರಿಯತೊಡಗುತ್ತವೆ. ಆಗ ತತ್ತಿ ತುಂಬಿಕೊಂಡ ಮೀನುಗಳು ಹೊಸ ನೀರಿನ ಸೆಳವಿಗೆ ಎದುರಾಗಿ ಹಳ್ಳದ ಬಾಯಿಗೆ ಬರುತ್ತವೆ. ಮೊಣಕಾಲಷ್ಟು ನೀರು, ಮುಳುಗಿದ ಹುಲ್ಲು, ಜಾಲಿ ಗಿಡ. ಅವಕ್ಕೆ ಬೇಕಾದ ಜಾಗ ಅದು. ಅಲ್ಲಿ ಅಡ್ಡ ಬಲೆ ಕಟ್ಟಿದರೆ ಒಂದೇ ರಾತ್ರಿಗೆ ಕೈತುಂಬ ದುಡ್ಡು. ನಾನೂ ಕಟ್ಟಿದವನೇ. ಒಂದು ಬೆಳಗಿನ ಜಾವ ಬಲೆ ಬಿಡಿಸುವಾಗ ಬೆರಳು ತಾಗಿದ್ದಕ್ಕೇ ಮೀನಿನ ಹೊಟ್ಟೆಯಿಂದ ತತ್ತಿ ಸುರಿದು, ಅಂಗೈ ಮೇಲೆ, ದೋಣಿಯ ತಳದಲ್ಲಿ ರವೆ ಚೆಲ್ಲಿದಂತೆ ಹರಡಿತು. ಜೊತೆಗಿದ್ದ ನಮ್ಮ ಕಾಕಾ ಅದನ್ನೇ ನೋಡುತ್ತಾ ಅಂದರು: "ತಮ್ಮಾ, ಬಿತ್ತೂ ಜ್ವಾಳಾನ ಬೀಸಿ ರೊಟ್ಟಿ ಬಡದ್ರ, ಮುಂದಿನ ವರ್ಸ ಏನ ಬಿತ್ತೂದು?" ಆ ದಿನದ ಮೀನು ಮಾರಿದೆ. ಆದರೆ ಅಲ್ಲಿ ಮತ್ತೆ ಬಲೆ ಕಟ್ಟಲು ಮನಸ್ಸು ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ಊರಿನ ಮೀನುಗಾರರೆಲ್ಲ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡೆವು. ಜೂನ್, ಜುಲೈ ಎರಡು ತಿಂಗಳು ಹಳ್ಳದ ಬಾಯಿಗೆ ಯಾರೂ ಬಲೆ ಹಾಕಬಾರದು. ಮೂರು ಬೆರಳು ತೂರದ ಬಲೆ ಯಾವ ತಿಂಗಳೂ ನೀರಿಗೆ ಇಳಿಯಬಾರದು. ಗಂಡಸರು ಮಾಡಿದ ಈ ಕಟ್ಟಳೆಗೆ ಬಲ ಕೊಟ್ಟವರು ಸಂತೆಯಲ್ಲಿ ಮೀನು ಮಾರುವ ನಮ್ಮ ಹೆಣ್ಣುಮಕ್ಕಳು. ಗೇಣುದ್ದಕ್ಕಿಂತ ಸಣ್ಣ ಮೀನು ತಂದರೆ ನಾವು ಬುಟ್ಟಿಗೆ ತುಂಬುವುದಿಲ್ಲ ಅಂದರು, ಹಾಗೇ ನಡೆದುಕೊಂಡರು. ಮಾರುವವರೇ ಬೇಡವೆಂದ ಮೇಲೆ ಹಿಡಿಯುವವನಾದರೂ ಯಾಕೆ ಹಿಡಿದಾನು? ಮೂರನೆಯ ಮಳೆಗಾಲಕ್ಕೆ ಹಳ್ಳದಲ್ಲಿ ಬಾಳೆಮೀನಿನ ಮರಿಗಳು ಕಂಡವು. ನನ್ನ ಮಗ ಅವನ್ನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

ಆದರೆ ಕಳೆದ ಜುಲೈನಲ್ಲಿ ಹೊರಗಿನವರು ರಾತ್ರಿ ಬಂದು ಅಲಿವಿ ಎಳೆದರು. ತಡೆಯಹೋದ ಹುಡುಗರಿಗೆ ಲೈಸೆನ್ಸ್ ತೋರಿಸಿದರು. ಬೆಳಗಾದ ಮೇಲೆ ನಾವು ಅರ್ಜಿ ಹಿಡಿದು ಕಚೇರಿಗೆ ಹೋದರೆ, ಲಿಖಿತ ಆದೇಶವಿಲ್ಲದೆ ಏನೂ ಮಾಡಲು ಬರುವುದಿಲ್ಲ ಅಂದರು. ಅವರು ಹೇಳಿದ್ದು ನಿಜವೇ. ಆ ಆದೇಶ ಕೇಳಲೆಂದೇ ನಿಮಗೆ ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬೆಳಕು ಹಾಯಿಸಿ ಹಿಡಿಯುವುದು, ಎರಡು ದೋಣಿ ಕಟ್ಟಿ ಬುಲ್ ಟ್ರಾಲಿಂಗ್ ಮಾಡುವುದು 2017ರಿಂದ ನಿಷಿದ್ಧ. ಇವು ಕಟ್ಟುನಿಟ್ಟಾಗಿ ಜಾರಿಯಾಗಲೆಂದು ದನಿ ಎತ್ತುತ್ತ ಬಂದವರು ನಾಡದೋಣಿಯವರು, ನಮ್ಮಂಥ ಸಣ್ಣ ಮೀನುಗಾರರು. ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನಲ್ಲಿ 1990ರ ದಶಕದ ಆರಂಭದಲ್ಲಿ ಚಿಪ್ಪುಮೀನು ಇಳಿಮುಖವಾದಾಗ, ಸಂತಾನದ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವುದನ್ನು ನಿಲ್ಲಿಸಿದರು, ಬಲೆಯ ಕಣ್ಣಿಗೆ ಮಿತಿ ಹಾಕಿಕೊಂಡರು. ವಿಜ್ಞಾನಿಗಳು ಜೊತೆಗಿದ್ದರು, ಸರಕಾರ ಒಪ್ಪಿ ಬೆನ್ನಿಗೆ ನಿಂತಿತು. 2014ರಲ್ಲಿ ಆ ಮೀನುಗಾರಿಕೆಗೆ, ಮೀನಿನ ಸಂತತಿ ಉಳಿಸಿಕೊಂಡು ಹಿಡಿಯುವವರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಬಂತು, ಇಡೀ ಭಾರತದಲ್ಲೇ ಮೊದಲನೆಯದು. ಅಲ್ಲಿ ಮೀನುಗಾರರೂ ಸರಕಾರವೂ ಒಟ್ಟಿಗೆ ನಿಂತರು. ಇಲ್ಲಿ ನಾವು ಮಾತ್ರ ನಿಂತಿದ್ದೇವೆ.

ಕಡಲಿನ ಲೆಕ್ಕ ಜಲಾಶಯಕ್ಕೆ ಪೂರ್ತಿ ಹೊಂದುವುದಿಲ್ಲ ಎಂಬುದು ನನಗೂ ಗೊತ್ತು. ಕಟ್ಲಾ, ರೋಹು, ಮೃಗಾಲ ಗಂಗೆಯ ಕಡೆಯ ಮೀನು. ನಿಂತ ನೀರಿನಲ್ಲಿ ಅವು ಸರಿಯಾಗಿ ಮರಿ ಮಾಡುವುದಿಲ್ಲ, ಹಾಗಾಗಿ ಇಲಾಖೆಯವರು ಬಿಡುವ ಮರಿ ಬೇಕೇ ಬೇಕು. ಬಿಡುವುದಾದರೆ ಗೇಣಿನ ಹತ್ತಿರಕ್ಕೆ ಬೆಳೆದ ಮರಿ ಬಿಡಿ. ಸಣ್ಣವು ದೊಡ್ಡ ಮೀನಿನ ಬಾಯಿಗೆ ಹೋಗುತ್ತವೆ. ಆದರೆ ಕೃಷ್ಣೆಯದೇ ಆದ ಮೀನು ಲಾರಿಯಲ್ಲಿ ಬರುವುದಿಲ್ಲ. ಬಾಳೆಮೀನು, ಹಾವುಮೀನು ಉಳಿಯಬೇಕಾದರೆ ಹಳ್ಳದ ಬಾಯಿ ತೆರೆದಿರಬೇಕು.

1996ರ ಕಾಯ್ದೆ ಇದೆಯಲ್ಲ, ಕರ್ನಾಟಕ ಒಳನಾಡು ಮೀನುಗಾರಿಕೆ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ. ಅದರ ಹೆಸರಿನಲ್ಲೇ ಸಂರಕ್ಷಣೆ ಮೊದಲು ಬರುತ್ತದೆ. ಹಿನ್ನೀರಿಗೆ ಸೇರುವ ಹಳ್ಳಗಳ ಬಾಯಿಗಳನ್ನು ಗುರುತಿಸಿ, ಜೂನ್, ಜುಲೈನಲ್ಲಿ ಅಲ್ಲಿ ಬಲೆ ನಿಷೇಧಿಸಿ ಆದೇಶ ಹೊರಡಿಸಿ. ಲೈಸೆನ್ಸ್ ಇದ್ದವರಿಗೂ, ಗುತ್ತಿಗೆ ಹಿಡಿದವರಿಗೂ ಅದು ಒಂದೇ ರೀತಿ ಅನ್ವಯಿಸಲಿ. ಹಳ್ಳದ ಬಾಯಿ ಯಾವುದೆಂದು ಗುರುತಿಸುವಾಗ ನಮ್ಮನ್ನೂ ಕರೆಯಿರಿ. ನಕ್ಷೆಯಲ್ಲಿ ಗೆರೆಯಾಗಿ ಕಾಣುವ ಹಳ್ಳ ನೀರು ಏರಿದಂತೆ ಅರ್ಧ ಮೈಲಿ ಜಾಗ ಬದಲಿಸುತ್ತದೆ.

ಆ ಎರಡು ತಿಂಗಳು ಊಟದ ಚಿಂತೆ ಇದೆ. ಬೇರೆಡೆ ಮೀನು ಸಿಗುತ್ತದೆ, ಆದರೆ ಕಡಿಮೆ. ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧದ ಕಾಲಕ್ಕೆಂದು ನೆರವಿದೆ: ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರಕಾರದ 3,000 ಸೇರಿ 4,500 ರೂಪಾಯಿ ಕೈಗೆ ಬರುತ್ತದೆ. ಅದು ಕಡಲಿನವರಿಗಷ್ಟೇ ಅಲ್ಲ, ಒಳನಾಡಿನವರಿಗೂ ಉಂಟು. ನಮ್ಮೂರಿನ ಒಬ್ಬರಿಗೂ ಅದು ಸಿಕ್ಕಿಲ್ಲ. ಆದೇಶದ ಜೊತೆಗೆ ಇದನ್ನೂ ಕೊಡಿಸಿ.

ಸಾಧ್ಯವಾದರೆ ಮುಂದಿನ ಜೂನ್‌ನಲ್ಲಿ, ಮೊದಲ ಕೆಂಪು ನೀರು ಬಂದ ವಾರ, ಬೆಳಗಿನ ಜಾವ ಒಮ್ಮೆ ಬನ್ನಿ. ಚಿಕ್ಕಸಂಗಮದ ದಾರಿಯಲ್ಲೇ ನಮ್ಮೂರು. ಹಳ್ಳದ ಬಾಯಿಯ ಹುಲ್ಲಿನಲ್ಲಿ ಮೀನಿನ ಬೆನ್ನು ಮಿಂಚುವುದು ದಂಡೆಯಲ್ಲಿ ನಿಂತವರಿಗೇ ಕಾಣುತ್ತದೆ. ದೋಣಿ ಬೇಕಾಗುವುದಿಲ್ಲ.

ತಮ್ಮ ವಿಶ್ವಾಸಿ,
ಬೀಳಗಿ ತಾಲೂಕಿನ ಒಬ್ಬ ಮೀನುಗಾರ