ಅಪರೂಪದ ಚಿಟ್ಟೆಯ ಫೋಟೋದ ಜೊತೆ ತಾರೀಕೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬರುತ್ತದೆ. ‘ಮನೆಯಂಗಳದಲ್ಲಿ ಅಪರೂಪದ ಬೃಹತ್ ಚಿಟ್ಟೆ’ ಅಂತ ತಲೆಬರಹ. ಕೆಂಗಂದು ಬಣ್ಣ, ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಗೇಣು, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಗುರುತು. ಅದು ಚಿಟ್ಟೆಯಲ್ಲ, ಅಟ್ಲಾಸ್ ಪತಂಗ, ರಾತ್ರಿ ಹಾರುವ ಜಾತಿ. ದೊಡ್ಡದಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ದಾಲ್ಚಿನ್ನಿಯಂಥ ಗಿಡಗಳ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಕೆಲವು ದಿನ ಬದುಕಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ಆ ಫೋಟೋ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಜೊತೆಗೆ ಸ್ವಲ್ಪ ಬೇಸರವೂ ಆಗುತ್ತದೆ. ಯಾಕೆಂದರೆ ಅದು ಯಾವ ದಿನ ಬಂತು, ರಾತ್ರಿಯೋ ಬೆಳಗ್ಗೆಯೋ, ಮಳೆ ಬಂದಿತ್ತಾ, ಯಾವ ಗಿಡದ ಮೇಲೆ ಕೂತಿತ್ತು, ಒಂದೂ ಇರುವುದಿಲ್ಲ. ಅಪರೂಪ ಅನ್ನಬೇಕಾದರೆ ಲೆಕ್ಕ ಇಟ್ಟಿರಬೇಕು ಅಲ್ವಾ? ಲೆಕ್ಕವೇ ಇಲ್ಲದಿದ್ದರೆ ಯಾವುದು ಅಪರೂಪ, ಯಾವುದು ಪ್ರತಿವರ್ಷ ನಮ್ಮ ಗೋಡೆಗೆ ಬಂದು ಕೂತು ಹೋಗುವುದು ಅಂತ ಹೇಗೆ ಗೊತ್ತಾಗಬೇಕು?

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವವಳು. ಅಡಿಕೆ ತೋಟ, ಮನೆ ಸುತ್ತ ನಾಲ್ಕು ಹೂವಿನ ಗಿಡ, ಒಂದಿಷ್ಟು ತೆಂಗು, ಬೇಲಿಗೆ ಹಬ್ಬಿದ ಅಮೃತಬಳ್ಳಿ. ಬೇಸಿಗೆಯಲ್ಲಿ ಮನೆಗೆ ಬರುವ ಪತಂಗಗಳನ್ನು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ದೊಡ್ಡ ಸಲಕರಣೆ ಏನೂ ಬೇಡ. ಅಂಗಳದಲ್ಲಿ ಹಗ್ಗ ಕಟ್ಟಿ ಒಂದು ಬಿಳಿ ಪಂಚೆ ಇಳಿಬಿಟ್ಟು, ಮುಂದೆ ಒಂದು ಬಲ್ಬು ಹಾಕಿದರೆ ಆಯಿತು. ಮೋಡ ಕವಿದು, ಗಾಳಿಯಿಲ್ಲದೆ, ಸೆಕೆಗೆ ಕೂರಲಿಕ್ಕೂ ಆಗದ ರಾತ್ರಿಗಳಲ್ಲಿ ಜಾಸ್ತಿ ಬರುತ್ತವೆ, ಹುಣ್ಣಿಮೆಯ ಹತ್ತಿರ ಕಡಿಮೆ. ಮೊದಲ ಮಳೆ ಹುಯ್ದು ನಿಂತ ಸಂಜೆಯಂತೂ ಪಂಚೆಯ ಬಿಳಿ ಕಾಣುವುದೇ ಕಷ್ಟ. ಒಂದು ರೂಪಾಯಿ ನಾಣ್ಯ ಪಕ್ಕಕ್ಕೆ ಹಿಡಿದು ಫೋನಿನಲ್ಲಿ ಫೋಟೋ ತೆಗೆದರೆ ಗಾತ್ರವೂ ಗೊತ್ತಾಗುತ್ತದೆ. ಹಿಡಿಯುವುದು, ಕೊಲ್ಲುವುದು ಬೇಡವೇ ಬೇಡ. ಎರಡು ಗಂಟೆ ಹೊತ್ತು ಉರಿಸಿದ ಮೇಲೆ ಲೈಟ್ ಆರಿಸಿಬಿಡಬೇಕು. ಇಲ್ಲದಿದ್ದರೆ ಅವು ಬೆಳಗಿನವರೆಗೂ ಅಲ್ಲೇ ಸುತ್ತಿ ಸುಸ್ತಾಗುತ್ತವೆ, ರಾತ್ರಿ ಹಲ್ಲಿಗೆ, ಬೆಳಗ್ಗೆ ಮಡಿವಾಳ ಹಕ್ಕಿಗೆ ಆಹಾರವಾಗುತ್ತವೆ.

ಮೊದಮೊದಲು ಪಕ್ಕದ ಮನೆಯ ಅಕ್ಕ “ಎಂತ ಮಾಡ್ತೀರಿ ಮಾರಾಯ್ತಿ, ಪಂಚೆಗೆ ಲೈಟ್ ಹಾಕಿ?” ಅಂತ ಕೇಳುತ್ತಿದ್ದರು. ಈಗ ಅವರೇ ಬೆಳಗ್ಗೆ ಫೋನ್ ಮಾಡಿ, ಬಚ್ಚಲಿನ ಗೋಡೆಯಲ್ಲಿ ಒಂದು ಹಸಿರಿನದು ಕೂತಿದೆ, ಬೇಗ ಬನ್ನಿ ಅನ್ನುತ್ತಾರೆ.

ಆ ಹಸಿರಿನದರ ಬಗ್ಗೆ ಹೇಳಲೇಬೇಕು. ನಮ್ಮ ನಂದಿಬಟ್ಟಲು ಗಿಡದ ಬುಡದಲ್ಲಿ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿದ್ದರೆ ಮೇಲೆ ನೋಡಬೇಕು, ಹುಳು ಇದ್ದೇ ಇರುತ್ತದೆ. ಬೆರಳಿನಷ್ಟು ದಪ್ಪ, ಎಲೆಯದ್ದೇ ಹಸಿರು, ಹಿಂದುಗಡೆ ಚಿಕ್ಕ ಕೊಂಬು. ಮುಟ್ಟಿದರೆ ತಲೆ ಒಳಗೆ ಎಳೆದುಕೊಂಡು ಕುತ್ತಿಗೆ ಉಬ್ಬಿಸುತ್ತದೆ. ಆಗ ಎರಡು ಕಣ್ಣು ನಮ್ಮನ್ನೇ ದಿಟ್ಟಿಸಿದ ಹಾಗೆ ಕಾಣುತ್ತದೆ, ನೀಲಿ ಕಣ್ಣು, ನಡುವೆ ಬಿಳಿ. ಅದು ಕಣ್ಣಲ್ಲ, ಹಕ್ಕಿಯನ್ನು ಹೆದರಿಸಲು ಇರುವ ಗುರುತು. ಗೂಡಾಗುವ ಸಮಯಕ್ಕೆ ಹಸಿರು ಹೋಗಿ ಕಂದಾಗುತ್ತದೆ, ಗಿಡದಿಂದ ಇಳಿದು ತರಗೆಲೆಯ ಅಡಿಗೆ ಸೇರುತ್ತದೆ. ಮುಂದೆ ಅದೇ ಹಸಿರು, ತಿಳಿಗುಲಾಬಿ, ಬಿಳಿ ಗೆರೆಗಳ ಪತಂಗವಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಓಲಿಯಾಂಡರ್ ಹಾಕ್ ಮಾತ್ ಅನ್ನುತ್ತಾರೆ, ಕಣಗಿಲೆಯ ಎಲೆಯೂ ಇದಕ್ಕೆ ಇಷ್ಟ. ವಿಷವಿರುವ ಕಣಗಿಲೆಯನ್ನು ತಿಂದು ಅರಗಿಸಿಕೊಳ್ಳುವ ಹುಳು! ಇಂಥದ್ದನ್ನು ಗಿಡ ಹಾಳು ಮಾಡುತ್ತದೆ ಅಂತ ಸುಮ್ನೆ ಮೆಟ್ಟಿ ಸಾಯಿಸುತ್ತಾರಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಂದಿಬಟ್ಟಲು ಎರಡು ವಾರದಲ್ಲಿ ಮತ್ತೆ ಚಿಗುರುತ್ತದೆ.

ಎಲ್ಲವೂ ಪಾಪದವು ಅಂತ ನಾನು ಹೇಳುತ್ತಿಲ್ಲ. ಬೇಲಿಯ ಅಮೃತಬಳ್ಳಿಯಲ್ಲಿ ಬೆಳೆಯುವ ಒಂದು ಜಾತಿ ಇದೆ, ಕೂತರೆ ಒಣಗಿದ ಎಲೆ, ಹಾರಿದರೆ ಕೆಳಗಿನ ರೆಕ್ಕೆಯಲ್ಲಿ ಕಿತ್ತಳೆ ಹಳದಿ. ಗಟ್ಟಿ ಸೊಂಡಿಲಿನಿಂದ ಹಣ್ಣಿನ ಸಿಪ್ಪೆ ಚುಚ್ಚಿ ರಸ ಹೀರುತ್ತದೆ, ಚುಚ್ಚಿದ ಜಾಗದಲ್ಲೇ ಹಣ್ಣು ಕೊಳೆಯುತ್ತದೆ. ತೆಂಗಿನ ಕಪ್ಪು ತಲೆ ಹುಳುವೂ ಪತಂಗದ ಮರಿಯೇ. ಗರಿಯ ಅಡಿಯಲ್ಲಿ ನೂಲು, ಹಿಕ್ಕೆ ಸೇರಿಸಿ ಕೊಳವೆ ಕಟ್ಟಿಕೊಂಡು ಹಸಿರೆಲ್ಲ ಕೆರೆದು ತಿನ್ನುತ್ತದೆ, ದೂರದಿಂದ ನೋಡಿದರೆ ಗರಿ ಸುಟ್ಟ ಹಾಗೆ. ಬೇಸಿಗೆಯಲ್ಲೇ ಇದರ ಕಾಟ ಜಾಸ್ತಿ. 1916ರಲ್ಲಿ ತೆಂಗಿನ ಸಂಶೋಧನೆ ಶುರುವಾದ ಜಿಲ್ಲೆ ನಮ್ಮದು, ಈ ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಚಿಕ್ಕ ಕಣಜಗಳನ್ನು ಸಾಕಿ ತೋಟಕ್ಕೆ ಬಿಡುವ ದಾರಿಯೂ ಇದೆ. ಆದರೆ ಬೂದು ಬಣ್ಣದ ಆ ಸಣ್ಣ ಪತಂಗ ಗೋಡೆಯಲ್ಲಿ ಕಾಣಿಸಿದಾಗ ಗುರುತಿಸುವವರು ಎಷ್ಟು ಮಂದಿ? ಬರೆದಿಡುವ ಅಭ್ಯಾಸ ಇದ್ದರೆ ಗರಿ ಒಣಗುವ ಮೊದಲೇ ಎಚ್ಚರವಾಗಬಹುದು. ಇನ್ನು ಬಪ್ಪಂಗಾಯಿಯ (ಪಪ್ಪಾಯಿಯ) ಹೂವಿಗೆ ಮುಸ್ಸಂಜೆ ಬಂದು ಪರಾಗ ಒಯ್ಯುವುದೂ ಪತಂಗಗಳೇ. ಗೂಡಿನ ಮರಿಗೆ ಹಕ್ಕಿ ತಂದು ತಿನ್ನಿಸುವ ಹುಳುಗಳಲ್ಲಿ ಎಷ್ಟೋ ಇವುಗಳ ಮರಿಗಳು.

ನಮ್ಮ ಊರಿನವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟ್ ನಿಷೇಧ ಬಂದದ್ದು 2011ರಲ್ಲಿ. ಮನುಷ್ಯರಿಗೆ ಆದದ್ದು ಎಲ್ಲರಿಗೂ ಗೊತ್ತು, ಅದಕ್ಕೆ ಹೋಲಿಕೆಯೇ ಇಲ್ಲ. ಆದರೆ ಗೇರಿನ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟಕ್ಕೆ ಅಂತ ಸುರಿದ ಆ ವಿಷದ ಕೆಳಗೆ ಏನೇನು ಹಾರುತ್ತಿತ್ತು, ಯಾವುದು ಹೋಯಿತು, ಯಾವುದು ತಿರುಗಿ ಬಂತು? ಹಿರಿಯರನ್ನು ಕೇಳಿದರೆ “ಆಗ ಚಿಮಿಣಿ ದೀಪಕ್ಕೆ ಎಷ್ಟು ಬರ್ತಿತ್ತು!” ಅನ್ನುತ್ತಾರೆ. ಎಷ್ಟು, ಯಾವುದು ಅಂತ ನಾನು ಕೇಳಿದವರ ಮನೆಯಲ್ಲಿ ಒಂದು ಚೀಟಿಯೂ ಇಲ್ಲ. ಇನ್ನು ಮುಂದಾದರೂ ಹಾಗಾಗಬಾರದು ಅನ್ನುವುದಕ್ಕೇ ಈ ಪತ್ರ.

ದೇಶದಲ್ಲಿ 10,000ಕ್ಕೂ ಜಾಸ್ತಿ ಬಗೆಯ ಪತಂಗಗಳಿವೆ. ಚಿಟ್ಟೆಗಳಿಗಿಂತ ಹಲವು ಪಟ್ಟು. ಭಾರತದ ಪತಂಗಗಳ ಬಗ್ಗೆ ಜಾರ್ಜ್ ಹ್ಯಾಂಪ್ಸನ್ ನಾಲ್ಕು ಸಂಪುಟ ಬರೆದದ್ದು 1892ರಿಂದ 1896ರ ನಡುವೆ. ಅವರು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದಾಗ ಹಿಡಿದ ಹುಚ್ಚು ಅದು. ತೋಟದಲ್ಲಿ ಬದುಕುವವರಿಗೆ ಇದು ಕಷ್ಟದ ಕೆಲಸವಲ್ಲ ಅನ್ನಲು ಹೇಳಿದೆ. ಈಗಂತೂ ಫೋಟೋವನ್ನು ಜೀವಿಗಳ ದಾಖಲೆ ಇಡುವ ವೆಬ್‌ಸೈಟುಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ತಾರೀಕು ಮತ್ತು ಜಾಗದ ಸಮೇತ ದಾಖಲೆಯಾಗಿ ಉಳಿಯುತ್ತದೆ.

2012ರಿಂದ ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ಅಂತ ಒಂದು ನಡೆಯುತ್ತದೆ, ಅಮೆರಿಕದಲ್ಲಿ ಶುರುವಾದದ್ದು, ಈಗ ಹಲವು ದೇಶಗಳಲ್ಲಿ ಮಾಡುತ್ತಾರೆ. ಒಳ್ಳೆಯದೇ. ಆದರೆ ಜುಲೈಯಲ್ಲಿ ನಮ್ಮಲ್ಲಿ ಹೊರಗೆ ಬಟ್ಟೆ ಕಟ್ಟುವ ಹಾಗಿದೆಯಾ? ನಮಗೆ ಸರಿಯಾದ ಸಮಯ ವಿಷುವಿನಿಂದ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ಹೊತ್ತಿಗೆ. ಸೆಕೆ ಇರುತ್ತದೆ, ನಡುನಡುವೆ ಒಂದೆರಡು ಮಳೆ ಬರುತ್ತದೆ, ಏಪ್ರಿಲ್ ಮೇ ಮಕ್ಕಳಿಗೆ ರಜೆಯೂ ಹೌದು. ನಮ್ಮ ಕನ್ನಡ ಶಾಲೆಗಳ ಮಕ್ಕಳು ಒಬ್ಬೊಬ್ಬರು ಒಂದು ನೋಟ್‌ಬುಕ್ ಇಟ್ಟರೂ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟು ಮನೆಯ ಲೆಕ್ಕ ಸಿಗುತ್ತದೆ ನೋಡಿ. ರೋಮದ ಕಂಬಳಿ ಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು ಅಂತ ಅವರಿಗೆ ಮೊದಲೇ ಹೇಳಿಕೊಡಬೇಕು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಓದುಗರು ಕಳಿಸುವ ಪತಂಗದ ಫೋಟೋ ಹಾಕುವಾಗ ತಾರೀಕು, ಹೊತ್ತು, ಊರು, ಗಿಡ, ಈ ನಾಲ್ಕನ್ನು ಕೇಳಿ ಪಡೆದು ಕೆಳಗೆ ಒಂದು ಸಾಲಿನಲ್ಲಿ ಹಾಕಿ. ಬೇಸಿಗೆಯ ಆ ಆರು ವಾರವಾದರೂ ಜಿಲ್ಲಾ ಪುಟದ ಒಂದು ಮೂಲೆ ಇದಕ್ಕೆ ಕೊಡಿ. ಗೇಣುದ್ದದ್ದೇ ಆಗಬೇಕೆಂದಿಲ್ಲ, ಅಕ್ಕಿಕಾಳಿನಷ್ಟಿದ್ದರೂ ಹಾಕಿ. ಮೊದಲ ವಾರಕ್ಕೆ ನಮ್ಮ ನಂದಿಬಟ್ಟಲಿನ ಹುಳುವಿನ ಫೋಟೋ, ನಾಲ್ಕೂ ವಿವರ ಬರೆದು, ಇದರ ಜೊತೆಗೇ ಇಟ್ಟಿದ್ದೇನೆ.

ಇತಿ,
ಪೆರ್ಲದ ಓದುಗಿ
ಕಾಸರಗೋಡು ಜಿಲ್ಲೆ