ಮುಕ್ತ ತಂತ್ರಾಂಶ: ನಿರ್ವಹಣೆಗೂ ಒಂದು ಕಲಂ ಇರಲಿ

ಮಾನ್ಯ ಸಂಪಾದಕರೆ,

ತಂತ್ರಾಂಶ ಖರೀದಿಗೆಂದು ಕಚೇರಿಗಳಲ್ಲಿ ಸಿದ್ಧಪಡಿಸುವ ತುಲನಾತ್ಮಕ ದರಪಟ್ಟಿಯಲ್ಲಿ ‘ಪರವಾನಗಿ ಬೆಲೆ’ ಎಂಬ ಕಲಂ ಇರುತ್ತದೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವಾದರೆ ಅಲ್ಲಿ ಸೊನ್ನೆ ಬರೆದು ಕಡತ ಮುಗಿಸುತ್ತಾರೆ. ಆ ಸೊನ್ನೆಗೆ ತೆರಬೇಕಾದ ಬೆಲೆಯನ್ನು ತುಮಕೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದ ನಾನು ಕಣ್ಣಾರೆ ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗ್ರಂಥಾಲಯಕ್ಕೆ ಪುಸ್ತಕಗಳ ವಿವರ, ಎರವಲಿನ ಲೆಕ್ಕ ಇಡುವ ‘ಕೊಹಾ’ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಟ್ಟ ಸ್ಥಳೀಯ ಯುವಕರೊಬ್ಬರು ವಾರ್ಷಿಕ ನಿರ್ವಹಣೆಗೆ 18,000 ರೂಪಾಯಿ ಕೇಳಿದಾಗ, ‘ತಂತ್ರಾಂಶ ಉಚಿತವೆಂದು ತಾವೇ ನಮೂದಿಸಿರುವಾಗ ಪಾವತಿ ಏತಕ್ಕೆ?’ ಎಂಬ ಷರಾದೊಂದಿಗೆ ಕಡತ ಹಿಂದಿರುಗಿತು. ಷರಾ ಬರೆದವರನ್ನು ದೂರಲಾರೆ. ‘ಉಚಿತ’ ಎಂದು ಬರೆದವನು ನಾನೇ. ಎರಡು ವರ್ಷದ ನಂತರ ಸರ್ವರ್‌ನ ಹಾರ್ಡ್ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಎಂದೋ ನಿಂತುಹೋಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಬೇಸಿಗೆ ರಜೆಯುದ್ದಕ್ಕೂ ನಾನೂ ನಮ್ಮ ಅಟೆಂಡರೂ ಅಕ್ಸೆಷನ್ ರಿಜಿಸ್ಟರುಗಳನ್ನು (ಪುಸ್ತಕ ಸೇರ್ಪಡೆಯ ದಾಖಲೆ ಪುಸ್ತಕಗಳನ್ನು) ಮೇಜಿನ ಮೇಲೆ ಹರಡಿಕೊಂಡು ಪುಸ್ತಕಗಳ ವಿವರವನ್ನು ಮತ್ತೆ ಟೈಪು ಮಾಡಿದೆವು. ಮಸಿ ಮಾಸಿಹೋದ ಕಡೆ ಕಪಾಟಿನಿಂದ ಪುಸ್ತಕವನ್ನೇ ತಂದು ನೋಡಬೇಕಾಯಿತು.

ಕೊಹಾ ಹುಟ್ಟಿದ್ದೇ ಹಣ ಕೊಟ್ಟು ಮಾಡಿಸಿದ ಕೆಲಸವಾಗಿ. 1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್, ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕವನ್ನು ತಾಳಿಕೊಳ್ಳದೆಂಬ ಕಾರಣಕ್ಕೆ, ಅಲ್ಲಿನ ಖಾಸಗಿ ಕಂಪನಿಯೊಂದರಿಂದ ಇದನ್ನು ಬರೆಸಿ, ಬಳಿಕ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಮುಕ್ತ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್ಮನ್ ಅವರೂ ತಮ್ಮ ‘ಇಮ್ಯಾಕ್ಸ್’ ಎಂಬ ಪಠ್ಯ ಸಂಪಾದನೆಯ ತಂತ್ರಾಂಶದ ಟೇಪನ್ನು 150 ಡಾಲರ್‌ಗೆ ಮಾರುತ್ತಿದ್ದರು. ನಕಲು ಮಾಡುವ, ತಿದ್ದುವ, ಹಂಚುವ ಸ್ವಾತಂತ್ರ್ಯಕ್ಕೆ ಇಲ್ಲಿ ಬೆಲೆಯಿಲ್ಲ, ದುಡಿಮೆಗೆ ಇದೆ. ಮುಖ್ಯವಾಗಿ ಬೆಂಬಲ ಮತ್ತು ನಿರ್ವಹಣೆಯ ಚಂದಾದಿಂದ ಬೆಳೆದ, ಮುಕ್ತ ತಂತ್ರಾಂಶದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್‌ಗೆ ಕೊಂಡಿತು. ಫೈರ್‌ಫಾಕ್ಸ್ ಎಂಬ ಮುಕ್ತ ಬ್ರೌಸರ್ ತಯಾರಿಸುವ ಮೊಜಿಲ್ಲಾ ಬೇರೆ ದಾರಿ ಹಿಡಿದಿದೆ: ಅದರ ವರಮಾನದ ಬಹುಪಾಲು ಗೂಗಲ್ ಶೋಧಕ್ಕೆ ಸ್ಥಾನ ಕೊಟ್ಟದ್ದಕ್ಕೆ ಸಿಗುವ ಹಣ. ಕ್ರೋಮ್ ಬ್ರೌಸರ್ ತಯಾರಿಸುವ ಪ್ರತಿಸ್ಪರ್ಧಿಯ ಅನ್ನದ ಮೇಲೆ ಬದುಕುವ ಈ ಏರ್ಪಾಟು ನನಗೆ ಒಪ್ಪಿಗೆಯಿಲ್ಲ.

ದೇಣಿಗೆಯಿಂದ ನಡೆಯಲಿ ಎನ್ನುವವರಿದ್ದಾರೆ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡವರಿಂದ ಹಣ ಕೇಳುವುದಿಲ್ಲ, ಆದರೆ ರಾಗಿ, ಅಕ್ಕಿ, ತರಕಾರಿಯನ್ನು ಸುತ್ತಲಿನ ಭಕ್ತರು ತಂದೊಪ್ಪಿಸುತ್ತಾರೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವುದೇ. ತಂತ್ರಾಂಶದ ಪಂಕ್ತಿಯಲ್ಲಿ ಉಣ್ಣುವವರೇ ಎಲ್ಲರೂ. ಜಗತ್ತಿನ ಜಾಲತಾಣಗಳ ದೊಡ್ಡ ಪಾಲನ್ನು ಕಾಯುತ್ತಿದ್ದ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ಭದ್ರತಾ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು, 2014ರಲ್ಲಿ ಅದರೊಳಗಿನ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದ ಮೇಲಷ್ಟೇ ಜನಕ್ಕೆ ತಿಳಿಯಿತು. ದೊಡ್ಡ ಕಂಪನಿಗಳು ನಿಧಿ ಕೂಡಿಸಿದ್ದು ಅದಾದ ನಂತರ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಕ್ಕೆಂದು ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿದ್ದು ಮೆಚ್ಚತಕ್ಕದ್ದೇ ಆದರೂ, ಅಂಥ ನಿಧಿಯಿಂದ ಪಾವಗಡದ ಅಥವಾ ಶಿರಾದ ಕಾಲೇಜಿನ ಸರ್ವರ್ ನೋಡಿಕೊಳ್ಳಲು ಯಾರೂ ಬರುವುದಿಲ್ಲ.

ನಮಗೆ ಒಗ್ಗುವುದು ಹೊರೊಫೆನುವಾದವರು ಮಾಡಿದ ರೀತಿ. ಉದಾಹರಣೆಗೆ, ನಮ್ಮ ಅನೇಕ ಗ್ರಂಥಾಲಯಗಳ ಕನ್ನಡ ಶೀರ್ಷಿಕೆಗಳು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾಗಿದ್ದು, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸದ ಹೊರತು ಹುಡುಕಿದರೆ ಸಿಗುವುದಿಲ್ಲ. ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜುಗಳು ತಲಾ ಐದು ಸಾವಿರ ರೂಪಾಯಿ ಹಾಕಿ ಈ ಕೆಲಸವನ್ನು ಒಮ್ಮೆ ಚೆನ್ನಾಗಿ ಮಾಡಿಸಿ, ಅದರ ಮೂಲಸಂಕೇತವನ್ನು (ಸೋರ್ಸ್ ಕೋಡ್) ಮುಕ್ತವಾಗಿ ಬಿಟ್ಟರೆ ಕೋಲಾರ, ಚಿಕ್ಕಬಳ್ಳಾಪುರದವರು ಮತ್ತೆ ಹಣ ಹಾಕಬೇಕಿಲ್ಲ. ಅವರು ಮುಂದಿನ ಕೊರತೆಗೆ ಹಾಕಲಿ. ಇದಕ್ಕೆಲ್ಲ ಮೊದಲು ಉನ್ನತ ಶಿಕ್ಷಣ ಇಲಾಖೆಯು ದರಪಟ್ಟಿಯ ನಮೂನೆಯಲ್ಲಿ ‘ವಾರ್ಷಿಕ ನಿರ್ವಹಣೆ’ ಎಂಬ ಕಲಂ ಸೇರಿಸಿ, ಪರವಾನಗಿ ಬೆಲೆ ಸೊನ್ನೆಯಿದ್ದರೂ ಅದರಡಿ ಪಾವತಿಸಬಹುದೆಂದು ಸುತ್ತೋಲೆ ಹೊರಡಿಸಬೇಕು.

ನಮಗೆ ಕೊಹಾ ಹಾಕಿಕೊಟ್ಟವರು ಈಗ ದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಏನಾದರೂ ಕೆಟ್ಟರೆ ಕಾಲೇಜಿನಿಂದ ಭಾನುವಾರ ಅವರಿಗೆ ಫೋನ್ ಹೋಗುತ್ತದಂತೆ, ಇಂದಿಗೂ ಉಚಿತವಾಗಿ.

– ನಿವೃತ್ತ ಗ್ರಂಥಪಾಲಕ, ತುಮಕೂರು