ಉತ್ತರ ಕಳೆದುಹೋದರೆ ಅಕ್ಕಿಯೂ ಕಳೆದುಹೋಗಬೇಕಾ?

ಮಾನ್ಯ ಸಂಪಾದಕರೇ,

ಹೋದ ವಾರ ಅವ್ವನನ್ನು ಕರೆದುಕೊಂಡು ರೇಷನ್ ಅಂಗಡಿಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೇ ಸಾಲು. ಅವ್ವ ಹೆಬ್ಬೆಟ್ಟು ಒತ್ತಿದಳು, ಮಷಿನ್‌ನಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಆಮೇಲೆ ಸರ್ವರ್ ಸಿಗುತ್ತಿಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದರೆ ಈ ತಿಂಗಳ ಅಕ್ಕಿ ಕೊಟ್ಟಾಗಿದೆ ಎಂದಿತು! "ತಗೊಂಡೀರಿ ಅಂತ ತೋರಿಸ್ತೈತ್ರಿ, ನಾ ಏನ್ ಮಾಡ್ಲಿ" ಎಂದರು ಅಂಗಡಿಯವರು. ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಖಾಲಿ ಚೀಲ ಮಡಚಿಕೊಂಡು ಬಂದೆವು.

ಕೇಳಿದರೆ ಎಲ್ಲರದೂ ಒಂದೇ ಮಾತು, ನೆಟ್‌ವರ್ಕ್ ಪ್ರಾಬ್ಲಂ. ಡಿಪ್ಲೊಮಾ ಹುಡುಗರಿಗೆ ವರ್ಷಗಟ್ಟಲೆ ಡೇಟಾ ಕಮ್ಯುನಿಕೇಶನ್ ಪಾಠ ಮಾಡಿದವನು ನಾನು, ಈ ಮಾತು ಕೇಳಿ ಕೇಳಿ ಸಾಕಾಗಿದೆ. 1970ರ ದಶಕದಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನವರು ತಂತಿಯಲ್ಲಿ ಡೇಟಾ ಕಳಿಸುವ ನಿಯಮಗಳ ಕಟ್ಟು ಎಸ್‌ಡಿಎಲ್‌ಸಿ ಮಾಡಿದಾಗ, ಅದರಿಂದ ಎಚ್‌ಡಿಎಲ್‌ಸಿ ಬಂದಾಗ, ತಂತಿ ಕೈಕೊಟ್ಟೇ ಕೊಡುತ್ತದೆ ಎಂದುಕೊಂಡೇ ನಿಯಮ ಬರೆದರು.

ನಮ್ಮ ಎಪಿಎಂಸಿಯಲ್ಲಿ ಹಮಾಲರು ಲಾರಿಯಿಂದ ಭತ್ತ ಇಳಿಸುವುದನ್ನು ನೆನಪಿಸಿಕೊಳ್ಳಿ. ಒಂದೊಂದು ಚೀಲವೂ ಡೇಟಾದ ಒಂದು ತುಂಡು, ಚೀಲಕ್ಕೆಲ್ಲ ನಂಬರ್ ಹಾಕಿದೆ ಎಂದಿಟ್ಟುಕೊಳ್ಳಿ. 2 ಬಂತು, ಆಮೇಲೆ 4 ಬಂದರೆ ಗುಮಾಸ್ತ ತಕ್ಷಣ ಕೂಗುತ್ತಾನೆ: "3ರಿಂದ ಮತ್ತೆ ತನ್ನಿ". ಎಚ್‌ಡಿಎಲ್‌ಸಿಯಲ್ಲಿ ಇದಕ್ಕೆ ರಿಜೆಕ್ಟ್ ಎನ್ನುತ್ತಾರೆ. 3 ಒಂದೇ ಸಾಕು ಎಂದರೆ ಸೆಲೆಕ್ಟಿವ್ ರಿಜೆಕ್ಟ್. ಆದರೆ ಕಳೆದದ್ದು ಕೊನೆಯ ಚೀಲವೇ ಆದರೆ? ಅದರ ಹಿಂದೆ ಬೇರೆ ಚೀಲ ಬರುವುದಿಲ್ಲ, ಹಾಗಾಗಿ ಗುಮಾಸ್ತನಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಕಳಿಸುವವನ ಹತ್ತಿರ ಟೈಮರ್ ಇರುತ್ತದೆ. ಟೈಮ್ ಮುಗಿದರೂ ಉತ್ತರ ಬರಲಿಲ್ಲವಾದರೆ ಅವನು ಆ ಕಡೆಯವನನ್ನು ಕೇಳಬಹುದು: ನಿನಗೆ ಮುಂದೆ ಯಾವ ನಂಬರ್ ಬೇಕು? "4" ಎಂಬ ಉತ್ತರ ಬಂದರೆ 3 ತಲುಪಿದೆ, ಬರುವಾಗ ಕಳೆದದ್ದು ರಸೀದಿ ಮಾತ್ರ ಎಂದು ತಿಳಿಯುತ್ತದೆ. ಸುಮ್ನೆ 3ನ್ನೇ ಇನ್ನೊಮ್ಮೆ ಕಳಿಸಿದರೂ ನಂಬರ್ ನೋಡಿ ಅದನ್ನು ಪಕ್ಕಕ್ಕಿಡುತ್ತಾರೆ, ಎರಡು ಸಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನಗೆ ಕಂಡ ಮಟ್ಟಿಗೆ ಅವ್ವನಿಗೆ ಆದದ್ದು ಇದೇ. ಹೆಬ್ಬೆಟ್ಟು ತಲುಪಿದೆ, ಉತ್ತರ ದಾರಿಯಲ್ಲಿ ಹೋಗಿದೆ. ಎರಡನೇ ಸಲ ಒತ್ತಿದ್ದು ಹೊಸ ಬೇಡಿಕೆಯಲ್ಲ, ಹಳೆಯದೇ ಎಂದು ಗುರುತಿಸುವ ನಂಬರ್ ಇರಲಿಲ್ಲ, ಅಥವಾ ಇದ್ದರೂ ಯಾರೂ ನೋಡಲಿಲ್ಲ.

ಕರೆಂಟ್ ಹೋಗಿ ಬಂದಾಗಲಂತೂ ಇನ್ನೂ ಸೂಕ್ಷ್ಮ. ಆಗ ಒಂದು ಕಡೆಯವರು ಎಸ್‌ಎಬಿಎಂ, ಅಂದರೆ ಹೊಸದಾಗಿ ಶುರು ಮಾಡೋಣ ಎಂಬ ಸಂದೇಶ ಕಳಿಸುತ್ತಾರೆ, ಇನ್ನೊಂದು ಕಡೆಯಿಂದ ಯುಎ, ಅಂದರೆ ಒಪ್ಪಿದೆ ಎಂಬ ಉತ್ತರ ಬರುತ್ತದೆ, ಇಬ್ಬರೂ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರೆ. (ಕೀಪ್ಯಾಡ್ ಫೋನಿನಲ್ಲಿ 2ಜಿ ಕರೆ ಮಾಡಿದರೂ ಟವರಿಗೂ ಫೋನಿಗೂ ನಡುವೆ ಇದೇ ಎಸ್‌ಎಬಿಎಂ, ಇದೇ ಯುಎ.) ಆದರೆ ಸೊನ್ನೆಗೆ ಬಂದ ಮೇಲೆ ಅರ್ಧಕ್ಕೆ ನಿಂತ ಚೀಲ ತಲುಪಿತ್ತೋ ಇಲ್ಲವೋ ಎಂದು ಲಿಂಕ್, ಅಂದರೆ ಎರಡು ಕಡೆಯ ನಡುವಿನ ಕೊಂಡಿ, ಹೇಳಲಾರದು. ಅದು ಮೇಲಿನ ಸಾಫ್ಟ್‌ವೇರ್‌ಗೆ "ಲಿಂಕ್ ರಿಸೆಟ್ ಆಯಿತು" ಎಂದಷ್ಟೇ ಹೇಳುತ್ತದೆ. ಹಳೆಯ ಲೆಕ್ಕ ಕೂಡಿಸುವುದು ಆ ಸಾಫ್ಟ್‌ವೇರ್ ಕೆಲಸ, ಟವರ್‌ನದಲ್ಲ. ನೆಟ್‌ವರ್ಕ್ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಇಲ್ಲೇ ಅಲ್ವಾ?

ನಾನು ಕೇಳುವುದು ಜಾಸ್ತಿ ಏನಲ್ಲ. ಹೆಬ್ಬೆಟ್ಟು ಒತ್ತಿದ ಕೂಡಲೇ ಮಷಿನ್ ಒಂದು ನಂಬರ್ ಕೊಡಲಿ. ಉತ್ತರ ಬರದಿದ್ದರೆ ಅದೇ ನಂಬರಿನಿಂದ ವಿಚಾರಿಸಲಿ. ಅಕ್ಕಿ ತೂಗಿ ಚೀಲಕ್ಕೆ ಸುರಿದ ಮೇಲೆ ಅಂಗಡಿಯವರು ಇನ್ನೊಂದು ಗುಂಡಿ ಒತ್ತಲಿ, ಅಲ್ಲಿಯ ತನಕ 'ಕೊಟ್ಟಾಗಿದೆ' ಎಂದು ಬರೆಯುವುದು ಬೇಡ. ಮೂರು ಸಲ ನೋಡಿಯೂ ಆಗಲಿಲ್ಲವೆಂದರೆ ಹಾಗಂತ ಚೀಟಿ ಬರೆದು ಕೊಡಲಿ, ಎಪ್ಪತ್ತು ದಾಟಿದವರನ್ನು ನಮ್ಮ ರಾಯಚೂರು ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸುವುದಕ್ಕಿಂತ ಅದು ವಾಸಿ. ಅವ್ವನ ಈ ತಿಂಗಳ ಅಕ್ಕಿ ಇನ್ನೂ ಬಂದಿಲ್ಲ.

— ನಿವೃತ್ತ ಉಪನ್ಯಾಸಕ, ಸಿಂಧನೂರು, ರಾಯಚೂರು ಜಿಲ್ಲೆ